ಚುಕ್ಕಿ ಗೆರೆ

ಭೂಗೋಳದ ಮೇಷ್ಟರಿಗೆ ಶಾಲೆಗಳಲ್ಲಿ ಎಂದೂ ದೊಡ್ಡ ಮರ್ಯಾದೆ ಇದ್ದದ್ದಿಲ್ಲ. ಗಣಿತದ ಮೇಷ್ಟರನ್ನು ಕಂಡರೆ ಹುಡುಗರು ನಡುಗುತ್ತಾರೆ. ಇಂಗ್ಲಿಷ್ ಮೇಷ್ಟರನ್ನು ಕಂಡರೆ ಹುಡುಗರ ತಂದೆತಾಯಿಗಳೂ ನಡುಗುತ್ತಾರೆ. ಭೂಗೋಳದವನನ್ನು ಕಂಡು ನಡುಗುವವರು ಯಾರೂ ಇಲ್ಲ. ಭೂಮಿಯೇ ನಡುಗಿದಾಗ ಮಾತ್ರ ಅವನ ನೆನಪಾಗುತ್ತದೆ. ನನ್ನ ಪಾಲಿಗೆ ಇದು ಬರಿಯ ಹಾಸ್ಯದ ಮಾತಲ್ಲ, ನಡೆದ ಸಂಗತಿ.

1972ರಲ್ಲಿ, ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರೆಂಬ ಹೆಸರಿದ್ದಾಗ, ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಗೆ ನಾನು ಉಪಾಧ್ಯಾಯನಾಗಿ ಹೋದೆ. ಮಧುಗಿರಿ, ಪಾವಗಡಗಳ ಸೀಮೆ. ಎತ್ತ ನೋಡಿದರೂ ಕಲ್ಲು. ಶಾಲೆಯ ಗೋಡೆ ಕಲ್ಲಿನದು, ಮೆಟ್ಟಿಲು ಕಲ್ಲಿನದು, ಹಳೆಯ ಮನೆಗಳ ಮಾಡು ಕೂಡ ಕಲ್ಲುಚಪ್ಪಡಿಯದು. ಶಾಲೆಯ ಹಿಂದೆ, ಮಲಗಿದ ಆನೆಯ ಬೆನ್ನಿನಂತೆ, ಒಂದು ಬೋಳುಬೆಟ್ಟ. ಇಷ್ಟೆಲ್ಲ ಕಲ್ಲಿನ ನಡುವೆ ಕುಳಿತು ನಾನು ಕಲ್ಲಿನ ಪಾಠವನ್ನು ಪುಸ್ತಕ ನೋಡಿ ಬರೆಸುತ್ತಿದ್ದೆ. "ಶಿಲೆಗಳಲ್ಲಿ ಮೂರು ವಿಧ: ಅಗ್ನಿಶಿಲೆ, ಜಲಜಶಿಲೆ, ರೂಪಾಂತರ ಶಿಲೆ." ಹುಡುಗರು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದರು. ಕಿಟಕಿಯ ಹೊರಗೆ ಕೈ ಚಾಚಿ, "ಈ ಬೆಟ್ಟ ಮೂರರಲ್ಲಿ ಯಾವುದು?" ಎಂದು ನಾನು ಒಂದು ದಿನವೂ ಕೇಳಲಿಲ್ಲ. ಅವರು ನನ್ನನ್ನು ಕೇಳಿದ್ದರೆ ಉತ್ತರ ನನಗೂ ತಿಳಿದಿರಲಿಲ್ಲ.

ಹೀಗೆ ಬರೆಸಿದ ವಾಕ್ಯಗಳಲ್ಲಿ ಒಂದು ನನಗೆ ಮಂತ್ರದಂತೆ ಬಾಯಿಗೆ ಬಂದಿತ್ತು: "ದಖ್ಖನ್ ಪ್ರಸ್ಥಭೂಮಿಯು ಅತ್ಯಂತ ಪ್ರಾಚೀನವೂ ಸ್ಥಿರವೂ ಆದ ಭೂಭಾಗ; ಇಲ್ಲಿ ಭೂಕಂಪಗಳು ಆಗುವುದಿಲ್ಲ." 1967ರ ಡಿಸೆಂಬರ್ 11ರಂದು ಕೊಯ್ನಾದಲ್ಲಿ ಭೂಮಿ ನಡುಗಿ ಜನ ಸತ್ತ ಸುದ್ದಿಯನ್ನು ಪತ್ರಿಕೆಯಲ್ಲಿ ನಾನೇ ಓದಿದ್ದೆ. ಕೊಯ್ನಾ ಇರುವುದು ಅದೇ ಪ್ರಸ್ಥಭೂಮಿಯ ಪಶ್ಚಿಮದ ಅಂಚಿನಲ್ಲಿ. ಓದಿದ್ದು ಒಂದು ಕಿವಿಯಲ್ಲಿ ಉಳಿಯಿತು, ಬರೆಸುವುದು ಬಾಯಲ್ಲಿ ಉಳಿಯಿತು, ಎರಡೂ ಎದುರುಬದುರಾಗಲಿಲ್ಲ. ಇಪ್ಪತ್ತೊಂದು ವರ್ಷ ಹಾಗೆಯೇ ನಡೆಯಿತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯ ಸುತ್ತಿನ ಹಳ್ಳಿಗಳು ಕುಸಿದವು. ಕಲ್ಲುಮಣ್ಣಿನ ದಪ್ಪ ಗೋಡೆಗಳು ಮಲಗಿದ್ದವರ ಮೇಲೆಯೇ ಬಿದ್ದು ಸಾವಿರಾರು ಜನ ಸತ್ತರು. ಆ ಸುದ್ದಿ ಬಂದ ಮೇಲೆ ತರಗತಿಯಲ್ಲಿ ಒಬ್ಬ ಹುಡುಗ ನೋಟ್‌ಬುಕ್ಕನ್ನು ತೆರೆದು ನನ್ನ ಮುಂದೆ ಹಿಡಿದ.

"ಸಾರ್, ಇಲ್ಲಿ ಭೂಕಂಪ ಆಗಲ್ಲ ಅಂತ ಬರೆಸಿದೀರಿ. ಈಗ ಪರೀಕ್ಷೇಲಿ ಏನು ಬರೀಬೇಕು?"

ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ. ಅವನಿಗೆ ಬೇಕಾಗಿದ್ದುದು ಎರಡು ಅಂಕ. ಆದರೆ ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾವಿದ್ದದ್ದೂ ಕಲ್ಲುಮಣ್ಣಿನ ಗೋಡೆಗಳ ನಡುವೆಯೇ. ಪುಸ್ತಕ ಹೇಳಿದ್ದನ್ನೆಲ್ಲ ನಿಜವೆಂದು ಹಂಚಿದ್ದಾಯಿತು. ಇನ್ನು ಮೇಲೆ ಕಲ್ಲನ್ನೇ ಕೇಳುವುದು ಒಳ್ಳೆಯದೆಂದು ನಿಶ್ಚಯಿಸಿದೆ.

ಮೊದಲ ಪಾಠಕ್ಕೆ ಕಾಸು ಖರ್ಚಾಗಲಿಲ್ಲ. ಪ್ರತಿಯೊಬ್ಬರೂ ಮನೆಯಿಂದ ಶಾಲೆಗೆ ಬರುವ ದಾರಿಯಲ್ಲಿ ಒಂದು ಕಲ್ಲನ್ನು ಆಯ್ದು ತರಬೇಕು, ಅದಕ್ಕೆ ಮನೆಯಲ್ಲಿ ಏನೆನ್ನುತ್ತಾರೆಂದು ಕೇಳಿಕೊಂಡು ಬರಬೇಕು. ಮರುದಿನ ಮೇಜಿನ ಮೇಲೆ ರಾಶಿ ಬಿತ್ತು: ಬೆಣಚುಕಲ್ಲು, ಕರಿಕಲ್ಲು, ಬಳಪದ ಕಲ್ಲು, ಕಾಗೆಬಂಗಾರ, ಗರಸು, ಸುಣ್ಣದ ಹರಳು. ಪುಸ್ತಕದಲ್ಲಿ ಇಲ್ಲದ ಇಷ್ಟು ಹೆಸರುಗಳು ಮಕ್ಕಳ ಮನೆಗಳಲ್ಲಿದ್ದವು. ಕಲ್ಲುಕುಟಿಗರ ಮನೆಯ ಒಬ್ಬ ಹುಡುಗ ಕಲ್ಲನ್ನು ಕೈಯಲ್ಲಿ ತೂಗಿ, ಇನ್ನೊಂದರಿಂದ ತಟ್ಟಿ ದನಿ ಕೇಳಿ, ಯಾವುದು ಸೀಳಿಕೊಳ್ಳುತ್ತದೆ, ಯಾವುದು ಪುಡಿಯಾಗುತ್ತದೆ ಎಂದು ಹೇಳಿಬಿಟ್ಟ. ಅಷ್ಟು ದಿನ ಅವನನ್ನು ನಾನು ದಡ್ಡನೆಂದು ತಿಳಿದಿದ್ದೆ.

ಆಮೇಲೆ ಗೀರುವ ಆಟ. ಉಗುರಿನಿಂದ ಗೀರಿದರೆ ಗೀರು ಬೀಳುವುದು ಒಂದು ಗುಂಪು. ಉಗುರಿಗೆ ಬಗ್ಗದೆ ಚಾಕುವಿಗೆ ಬಗ್ಗುವುದು ಇನ್ನೊಂದು. ಚಾಕುವಿಗೂ ಬಗ್ಗದೆ ಗಾಜನ್ನೇ ಗೀರುವುದು ಮೂರನೆಯದು. ಜರ್ಮನಿಯ ಖನಿಜವಿಜ್ಞಾನಿ ಫ್ರೀಡ್ರಿಖ್ ಮೋಸ್ 1812ರಲ್ಲಿ ಇದೇ ಉಪಾಯದಿಂದ ಖನಿಜಗಳನ್ನು ಹತ್ತು ಮೆಟ್ಟಿಲುಗಳಲ್ಲಿ ನಿಲ್ಲಿಸಿದ. ಕೆಳಗಿನ ಮೆಟ್ಟಿಲಲ್ಲಿ ಬಳಪದ ಕಲ್ಲಿನಲ್ಲಿರುವ ಮೆದು ಖನಿಜ, ಏಳನೆಯದರಲ್ಲಿ ಬೆಣಚು, ಹತ್ತನೆಯದರಲ್ಲಿ ವಜ್ರ. ಸ್ಲೇಟಿನ ಮೇಲೆ ಬರೆಯುವ ಬಳಪ ಯಾಕೆ ಸವೆಯುತ್ತದೆ, ಬೇಲೂರು ಹಳೇಬೀಡುಗಳ ಶಿಲ್ಪಿಗಳು ಸರದ ಒಂದೊಂದು ಮಣಿಯನ್ನೂ ಹೇಗೆ ಬಿಡಿಸಿದರು ಎಂಬ ಎರಡು ಪ್ರಶ್ನೆಗಳಿಗೂ ಒಂದೇ ಉತ್ತರವೆಂದು ತಿಳಿದಾಗ ಮಕ್ಕಳಿಗಾದ ಆನಂದವನ್ನು ನಾನು ಮರೆಯಲಾರೆ. ಕಲ್ಲನ್ನು ಒಡೆಯುವಾಗ ಮಾತ್ರ ಗೋಣಿಚೀಲದಲ್ಲಿ ಸುತ್ತಿ ಒಡೆಯಬೇಕು. ಚಕ್ಕೆ ಹಾರಿ ಒಬ್ಬನ ಹುಬ್ಬಿಗೆ ತಾಗಿದ ಮೇಲೆ ನನಗೆ ಬಂದ ಬುದ್ಧಿ ಅದು.

ಹಾರ್ಲಿಕ್ಸ್ ಸೀಸೆಯೊಂದರಲ್ಲಿ ಕೆರೆಯಂಗಳದ ಮಣ್ಣನ್ನು ಅರ್ಧಕ್ಕೆ ತುಂಬಿ, ನೀರು ಹೊಯ್ದು, ಚೆನ್ನಾಗಿ ಕುಲುಕಿ ಕಿಟಕಿಯಲ್ಲಿಟ್ಟೆವು. ದಪ್ಪ ಮರಳು ಕ್ಷಣದಲ್ಲಿ ತಳಕ್ಕಿಳಿಯಿತು. ಅದರ ಮೇಲೆ ನಯವಾದ ಮರಳು. ಜೇಡಿ ಮಾತ್ರ ಮರುದಿನದವರೆಗೂ ನೀರನ್ನು ಕದಡಿಕೊಂಡೇ ಇತ್ತು. ನದಿ ಕಡಲುಗಳ ತಳದಲ್ಲಿ ಪದರ ಪದರವಾಗಿ ಕಲ್ಲು ಹುಟ್ಟುವ ಬಗೆಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಯಾವ ಗ್ರಂಥದಲ್ಲೂ ನೋಡಿಲ್ಲ. ಸುಣ್ಣದ ಹರಳನ್ನು ಪುಡಿಮಾಡಿ ನಿಂಬೆರಸ ಹಿಂಡಿದಾಗ ಅದು ಬುರಬುರನೆ ನೊರೆಯಾಯಿತು. ಬೆಣಚಿನ ಪುಡಿ ಸುಮ್ಮನೆ ಕುಳಿತಿತ್ತು.

ಆದರೆ ಮಕ್ಕಳು ಬಹುಕಾಲ ಮಾತಾಡಿಕೊಂಡದ್ದು ಹಗ್ಗದ ಪಾಠವನ್ನು. ಭೂಮಿಯ ವಯಸ್ಸು ಸುಮಾರು 460 ಕೋಟಿ ವರ್ಷ. 46 ಮೀಟರ್ ಉದ್ದದ ಬಾವಿಹಗ್ಗವನ್ನು ಶಾಲೆಯ ಬಾಗಿಲಿನಿಂದ ಬಯಲಿಗೆ ಎಳೆದೆವು. ಒಂದು ಮೀಟರಿಗೆ ಹತ್ತು ಕೋಟಿ ವರ್ಷ. ಬಾಗಿಲ ಬಳಿಯ ತುದಿ ಇಂದಿನ ದಿನ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ. ಬಾಗಿಲಿನಿಂದ 30 ಮೀಟರ್ ದೂರದಲ್ಲಿ ಒಬ್ಬ ಹುಡುಗ ನಿಂತ. ನಮ್ಮ ಬೆಟ್ಟದ ಕಲ್ಲು ರಾಮನಗರದ ಬೆಟ್ಟಗಳ ಕಲ್ಲಿನ ಒಡಹುಟ್ಟು. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆಯೆಂಬ ಹೆಸರಿತ್ತಾದ್ದರಿಂದ ವಿಜ್ಞಾನಿಗಳು ಆ ಕಲ್ಲಿಗೆ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಹೆಸರಿಟ್ಟಿದ್ದಾರೆ. ಅದಕ್ಕೆ ಸುಮಾರು 250 ಕೋಟಿ ವರ್ಷ. 25 ಮೀಟರಿನಲ್ಲಿ ಒಬ್ಬಳು ನಿಂತಳು. ಬೆಳಗಾವಿ, ವಿಜಾಪುರಗಳ ಕಡೆ ಎರೆಮಣ್ಣಿನಡಿ ಹಾಸಿರುವ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಅದನ್ನು ತೋರಿಸುವವನು ಬಾಗಿಲಿನಿಂದ 66 ಸೆಂಟಿಮೀಟರಿಗೆ, ಅಂದರೆ ಒಂದು ಹೆಜ್ಜೆಗೆ, ಬಂದು ನಿಂತ. "ಮನುಷ್ಯ ಎಲ್ಲಿ ಸಾರ್?" ಎಂದರು. ಮನುಷ್ಯಕುಲಕ್ಕೆ ಸುಮಾರು ಮೂರು ಲಕ್ಷ ವರ್ಷ. ಹಗ್ಗದ ತುದಿಯಲ್ಲಿ ಮೂರು ಮಿಲಿಮೀಟರ್. ನಾವು ಓದುವ ರಾಜಮಹಾರಾಜರ ಚರಿತ್ರೆಯೆಲ್ಲ ಕೂದಲೆಳೆಗಿಂತ ತೆಳು. ಬಯಲಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಇಷ್ಟಾದ ಮೇಲೆ ನನಗೆ ಸ್ವಲ್ಪ ಜಂಬ ಬಂದಿರಬೇಕು. 1996ರಲ್ಲಿ ಇನ್ನೂ ದೊಡ್ಡ ಕೆಲಸಕ್ಕೆ ಕೈ ಹಾಕಿದೆ. ಊರಿನಲ್ಲಿ 31 ತೆರೆದ ಬಾವಿಗಳಿದ್ದವು; ಬಹುಪಾಲು ಬತ್ತಿದ್ದವು. ಮಕ್ಕಳು ಒಂದೊಂದು ಬಾವಿಗೂ ಹೋಗಿ, ತೋಡಿದ ಹಿರಿಯರನ್ನು ಹುಡುಕಿ ಕೇಳಿದರು: ಎಷ್ಟು ಅಡಿಗೆ ಮಣ್ಣು ಮುಗಿಯಿತು? ಗರಸು ಎಲ್ಲಿಯವರೆಗೆ? ಗಟ್ಟಿಕಲ್ಲು ಎಲ್ಲಿಂದ? ನೀರು ಯಾವ ಮಗ್ಗುಲಿನಿಂದ ಬಂತು? ಯಾವ ವರ್ಷ ನಿಂತಿತು? ನಮ್ಮ ಸೀಮೆಯ ಗಟ್ಟಿಕಲ್ಲಿನ ಒಡಲಲ್ಲಿ ನೀರಿಗೆ ಜಾಗವಿಲ್ಲ. ನೀರು ನಿಲ್ಲುವುದು ಮೇಲಿನ ಗರಸಿನಲ್ಲಿ, ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ. ಆದ್ದರಿಂದ ಈ ಪ್ರಶ್ನೆಗಳ ಉತ್ತರವೇ ಊರಿನ ನೆಲದಡಿಯ ಚರಿತ್ರೆ. ಗ್ರಾಮ ಲೆಕ್ಕಿಗರಿಂದ ಊರಿನ ನಕ್ಷೆಯನ್ನು ಪಡೆದು ದೊಡ್ಡದು ಮಾಡಿ, ಬಾವಿಗಳನ್ನು ಗುರುತಿಸಿ, ಮಣ್ಣಿಗೆ ಕೆಂಪು, ಗರಸಿಗೆ ಹಳದಿ, ಕಲ್ಲಿಗೆ ಬೂದಿ ಬಣ್ಣ ತುಂಬಿದೆವು.

ಬಣ್ಣ ತುಂಬುತ್ತಿದ್ದಂತೆ ಒಂದು ವಿಚಿತ್ರ ಕಂಡಿತು. ಊರಿನ ನೆಲ ಉತ್ತರದಿಂದ ದಕ್ಷಿಣಕ್ಕೆ ಇಳಿಜಾರು. ಉತ್ತರದ ಏಳೆಂಟು ಬಾವಿಗಳಲ್ಲಿ ಬೇಸಗೆಯವರೆಗೂ ನೀರಿತ್ತು. ಅದರ ಕೆಳಗಿನ ಬಾವಿಗಳು ಸಂಕ್ರಾಂತಿಗೇ ಬತ್ತುತ್ತಿದ್ದವು. ಎರಡು ಗುಂಪಿನ ನಡುವೆ ಕೆರೆಯ ತೂಬಿನ ಬಳಿ, ದೇವಸ್ಥಾನದ ಹಿಂದೆ, ಆಮೇಲೆ ಊರಾಚೆಯ ಗುಡ್ಡದ ಬುಡದಲ್ಲಿ, ಹೀಗೆ ಮೂರು ಕಡೆ ಕರಿಕಲ್ಲಿನ ಗುಂಡುಗಳ ಸಾಲು ಕಾಣುತ್ತಿತ್ತು. ಬಹುಕಾಲದ ಹಿಂದೆ ಗ್ರಾನೈಟು ಬಿರಿದಾಗ ಆ ಬಿರುಕಿನಲ್ಲಿ ಕಾದ ಶಿಲಾದ್ರವ ಏರಿಬಂದು ಹೆಪ್ಪುಗಟ್ಟಿದ ಗೋಡೆ ಅದು. ಡೈಕ್ ಎಂದು ಅದಕ್ಕೆ ಹೆಸರು. ನೆಲದೊಳಗೆ ಹರಿಯುವ ನೀರಿಗೆ ಅಂಥ ಗೋಡೆ ಕಟ್ಟೆಯಂತೆ ಅಡ್ಡ ನಿಲ್ಲುತ್ತದೆ. ಮೇಲುಗಡೆ ನೀರು ನಿಲ್ಲುತ್ತದೆ, ಕೆಳಗಡೆ ಒಣಗುತ್ತದೆ. ಮಕ್ಕಳು ಇದನ್ನು ತಾವೇ ಕಂಡುಹಿಡಿದರು. ನಾನು ಅಳತೆಪಟ್ಟಿಯಿಟ್ಟು ಮೂರು ಜಾಗಗಳನ್ನೂ ಸೇರಿಸಿ, ಕಪ್ಪು ಶಾಯಿಯಲ್ಲಿ ಊರಿನ ಉದ್ದಕ್ಕೂ ದಪ್ಪನೆಯ ಗೆರೆಯೊಂದನ್ನು ಎಳೆದೆ. ನೋಡಲು ಬಹಳ ಚೆನ್ನಾಗಿತ್ತು.

1997ರ ಫೆಬ್ರವರಿ 28, ವಿಜ್ಞಾನ ದಿನ. ನಕ್ಷೆಯನ್ನು ಶಾಲೆಯ ಗೋಡೆಗೆ ಹಾಕಿದ್ದೆವು. ಊರವರೆಲ್ಲ ಬಂದು ತಮ್ಮ ತಮ್ಮ ಬಾವಿಗಳನ್ನು ಹುಡುಕಿ ನೋಡಿದರು. ನಕ್ಷೆಗಾಗಿ ಎಲ್ಲರಿಗಿಂತ ಹೆಚ್ಚು ಓಡಾಡಿದ್ದ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ತಂದೆ ಮಾತ್ರ ಜನ ಚದರಿದ ಮೇಲೂ ನಿಂತೇ ಇದ್ದರು. ದೇವಸ್ಥಾನಕ್ಕೂ ಗುಡ್ಡಕ್ಕೂ ನಡುವೆ ಅವರ ನಾಲ್ಕು ಎಕರೆ ಹೊಲ. ನಮ್ಮ ಗೆರೆಯ ಪ್ರಕಾರ ಅದು ಉತ್ತರದ ಮಗ್ಗುಲಿನಲ್ಲಿ, ನೀರಿನ ಮಗ್ಗುಲಿನಲ್ಲಿತ್ತು.

"ತೆಂಗಿನಕಾಯಿ ಹಿಡಿಯೋನೂ ಇಲ್ಲೇ ಅಂದ, ಮೇಷ್ಟ್ರೇ. ನಿಮ್ಮ ನಕ್ಷೆನೂ ಇಲ್ಲೇ ಅಂತೈತೆ. ಬೋರು ಹಾಕ್ಸಲಾ?"

ಅಂಗೈಯ ಮೇಲೆ ತೆಂಗಿನಕಾಯಿ ನಿಲ್ಲಿಸಿಕೊಂಡು ನೀರು ತೋರಿಸುವವನ ಸಾಲಿಗೆ ನನ್ನ ನಕ್ಷೆಯನ್ನು ಸೇರಿಸಿದ್ದು ನನಗೆ ಸ್ವಲ್ಪ ಚುಚ್ಚಿತು. ಹಾಗೆಯೇ, ಅವರು ನಕ್ಷೆಯನ್ನು ನಂಬಿದ್ದು ಬಹಳ ಹಿತವಾಯಿತು. ಹಾಕಿಸಿ ಎಂದು ನಾನು ಹೇಳಲಿಲ್ಲ. ಬೇಡವೆಂದೂ ಹೇಳಲಿಲ್ಲ. "ಮಕ್ಕಳು ಚೆನ್ನಾಗಿ ದುಡಿದಿದ್ದಾರೆ, ಯಜಮಾನರೇ," ಎಂದು ನಕ್ಕೆ. ಅವರ ಹೊಲದಲ್ಲಿ ಕರಿಕಲ್ಲನ್ನು ನಾನು ಕಂಡಿರಲಿಲ್ಲ. ಅಲ್ಲಿ ಗೋಡೆ ನೇರವಾಗಿಯೇ ಹೋಗಿದೆಯೆಂಬುದಕ್ಕೆ ನನ್ನ ಅಳತೆಪಟ್ಟಿಯಲ್ಲದೆ ಬೇರೆ ಸಾಕ್ಷಿಯಿರಲಿಲ್ಲ. ಅದನ್ನು ಹೇಳಲು ಒಂದೇ ವಾಕ್ಯ ಸಾಕಾಗಿತ್ತು.

ಅವರು ಎತ್ತಿನ ಜೋಡಿಯನ್ನು ಮಾರಿದರು. ಲಾರಿ ಬಂತು. ಇಡೀ ದಿನ ಯಂತ್ರದ ಸದ್ದು ಶಾಲೆಯವರೆಗೂ ಕೇಳಿಸುತ್ತಿತ್ತು. ಪಾಠ ಮಾಡುತ್ತಲೇ ನಾನು ಆ ಸದ್ದು ನಿಲ್ಲುವುದನ್ನು ಕಾಯುತ್ತಿದ್ದೆ. 280 ಅಡಿಗೆ ನಿಂತಿತು. ಒಂದು ಹನಿ ನೀರಿಲ್ಲ.

ಎಂಟು ದಿನ ಹುಡುಗಿ ಶಾಲೆಗೆ ಬರಲಿಲ್ಲ. ಒಂಬತ್ತನೆಯ ದಿನ ಬಂದು, ಎಲ್ಲರೂ ಹೊರಗೆ ಹೋಗುವವರೆಗೆ ಕಾದು, ಹಳೆಯ ಪತ್ರಿಕೆಯ ಪೊಟ್ಟಣವೊಂದನ್ನು ನನ್ನ ಮೇಜಿನ ಮೇಲೆ ಬಿಚ್ಚಿದಳು. ಬೋರಿನಿಂದ ಎದ್ದು ಬಂದ ಕಲ್ಲಿನ ಪುಡಿ. ನಮ್ಮ ಬೆಟ್ಟದ ಕಲ್ಲಾಗಿದ್ದರೆ ಬೆಳ್ಳಗೆ, ನಸುಗೆಂಪಗೆ ಇರಬೇಕು. ಇದು ಇದ್ದಲಿನಂತೆ ಕಪ್ಪಗಿತ್ತು.

"ಮೇಲಿಂದ ಕೆಳಗಿನವರೆಗೂ ಕರಿಕಲ್ಲೇ ಬಂತು ಸಾರ್. ನಮ್ಮ ಗೆರೆ ಇಲ್ಲಿ ನೇರವಾಗಿಲ್ಲ. ಬಾಗಿ ನಮ್ಮ ಹೊಲದೊಳಕ್ಕೆ ಬಂದೈತೆ." ಹೀಗೆಂದು ಸ್ವಲ್ಪ ತಡೆದು, "ಹಾಗಾದ್ರೆ ನಮ್ಮ ನಕ್ಷೆ ಸುಳ್ಳಾ ಸಾರ್?" ಎಂದಳು.

ಗೋಡೆಯ ಬೆನ್ನ ಹಿಂದಿನ ನೀರನ್ನು ಹುಡುಕಹೋಗಿ ಗೋಡೆಯನ್ನೇ ಕೊರೆದಿದ್ದೆವು. ಮನೆಯ ಎತ್ತು ಹೋದ ದುಃಖದಲ್ಲೂ ಈ ಮಗು ಪುಡಿಯ ಬಣ್ಣವನ್ನು ನೋಡಿತ್ತು. ನನಗೆ ಆ ಹೊತ್ತು ಉತ್ತರ ಹೊಳೆಯಲಿಲ್ಲ.

ಅಂದು ಸಂಜೆ ಅವರ ಮನೆಗೆ ಹೋದೆ. ನನ್ನ ಕೈಲಾದಷ್ಟು ಹಣವನ್ನು ಜೇಬಿನಲ್ಲಿಟ್ಟುಕೊಂಡಿದ್ದೆ. ಆಕೆಯ ತಂದೆ ಜಗಲಿಯ ಮೇಲೆ ಚಾಪೆ ಹಾಸಿ ಕೂರಿಸಿ ಮಜ್ಜಿಗೆ ತರಿಸಿದರು. ಹಣವನ್ನು ಮುಟ್ಟಲಿಲ್ಲ.

"ಹಾಕ್ಸಿದೋನು ನಾನು, ಮೇಷ್ಟ್ರೇ. ನಿಮ್ಮದೇನೂ ತಪ್ಪಿಲ್ಲ. ಆದ್ರೆ ಕಂಡಿಲ್ಲದ್ದನ್ನ ಕಂಡಿಲ್ಲ ಅಂತ ಒಂದು ಮಾತು ಅಂದಿದ್ರೆ, ಇನ್ನೊಂದು ವರ್ಷ ಯೋಚನೆ ಮಾಡ್ತಿದ್ದೆ."

ಈ ಮಾತಿನಲ್ಲಿ ಕೋಪವಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ನಮ್ಮ ಶಾಲೆಯ ಬೀರುವಿನಲ್ಲಿ ರಾಜ್ಯದ ಭೂವಿಜ್ಞಾನ ನಕ್ಷೆಯೊಂದು ಸುರುಳಿ ಸುತ್ತಿಕೊಂಡು ಬಹು ವರ್ಷಗಳಿಂದ ಬಿದ್ದಿತ್ತು. ಮರುದಿನ ಅದನ್ನು ತೆಗೆದು ಹರಡಿದೆ. ಮೈಸೂರು ಸಂಸ್ಥಾನದಲ್ಲಿ 1894ರಷ್ಟು ಹಿಂದೆಯೇ ಭೂವಿಜ್ಞಾನ ಇಲಾಖೆ ಸ್ಥಾಪನೆಯಾಗಿತ್ತು. ಅಂದಿನಿಂದ ಎಷ್ಟೋ ಜನ ಬಿಸಿಲಿನಲ್ಲಿ ನಡೆದು ನಡೆದು ಈ ನಾಡಿನ ಕಲ್ಲುಗಳನ್ನು ಕಾಗದಕ್ಕಿಳಿಸಿದ್ದಾರೆ. ನಕ್ಷೆಯ ಬಣ್ಣಗಳನ್ನು ನಾನು ಎಷ್ಟೋ ಸಲ ಮೆಚ್ಚಿದ್ದೆ. ಮೂಲೆಯ ಸೂಚಿಯನ್ನು ಓದಿರಲಿಲ್ಲ. ಅಲ್ಲಿ ಎರಡು ಬಗೆಯ ಗೆರೆಗಳಿದ್ದವು. ಕಣ್ಣಿಗೆ ಕಂಡ ಗಡಿಗೆ ತುಂಬು ಗೆರೆ; ಮಣ್ಣಿನಡಿ ಮುಚ್ಚಿಹೋಗಿದ್ದು, ಹೀಗಿರಬಹುದೆಂದು ಊಹಿಸಿದ ಗಡಿಗೆ ಕಡಿಕಡಿದ ಗೆರೆ. ಕಲ್ಲಿನ ನಡುವೆಯೇ ಬಾಳು ಸವೆಸಿದವರೂ ತಮಗೆ ಕಾಣದಿದ್ದ ಕಡೆ ಲೇಖನಿಯನ್ನು ಎತ್ತಿ ಎತ್ತಿ ಇಟ್ಟಿದ್ದರು. ನಾನೋ, ಮೂರು ಜಾಗ ನೋಡಿ ಊರುದ್ದಕ್ಕೂ ಶಾಯಿ ಎಳೆದಿದ್ದೆ. ಪುಸ್ತಕದ ಮಾತನ್ನು ಇಪ್ಪತ್ತೊಂದು ವರ್ಷ ಬರೆಸಿದ ತಪ್ಪಿಗೂ ಇದಕ್ಕೂ ಹೆಚ್ಚೇನೂ ಅಂತರವಿರಲಿಲ್ಲ. ಅಂದು ಪುಸ್ತಕವನ್ನು ಮಿತಿಮೀರಿ ನಂಬಿದೆ. ಇಂದು ನನ್ನ ಕಣ್ಣನ್ನು ನಂಬಿದೆ. ಎರಡು ಸಲವೂ 'ತಿಳಿಯದು' ಎಂಬ ಮಾತಿಗೆ ಪಾಠದಲ್ಲಿ ಸ್ಥಳವಿರಲಿಲ್ಲ.

ನಕ್ಷೆಯನ್ನು ಗೋಡೆಯಿಂದ ಇಳಿಸಿ ಮತ್ತೆ ಬರೆದೆವು. ಕರಿಕಲ್ಲು ಕಂಡ ಮೂರು ಜಾಗಗಳಲ್ಲಿ ಮಾತ್ರ ತುಂಬು ಗೆರೆ, ಉಳಿದೆಡೆ ಚುಕ್ಕಿ. ಬೋರು ಹಾಕಿದ ಜಾಗದಲ್ಲಿ ನಾಲ್ಕನೆಯ ತುಂಬು ಗುರುತನ್ನು ಆ ಹುಡುಗಿಯೇ ಇಟ್ಟಳು. ಚುಕ್ಕಿಗಳು ಅಲ್ಲಿಗೆ ಬಾಗಿ, ಮತ್ತೆ ಗುಡ್ಡದ ಕಡೆಗೆ ತಿರುಗಿದವು. "ನಮ್ಮ ನಕ್ಷೆ ಸುಳ್ಳಲ್ಲಮ್ಮಾ," ಎಂದು ಅವಳಿಗೆ ಉತ್ತರ ಕೊಟ್ಟೆ. "ಗೆರೆ ಸುಳ್ಳು. ಚುಕ್ಕಿ ಇಡಬೇಕಾದಲ್ಲಿ ನಾನು ಗೆರೆ ಎಳೆದೆ."

ಅಂದಿನಿಂದ 2007ರಲ್ಲಿ ನಿವೃತ್ತನಾಗುವವರೆಗೆ ನನ್ನ ತರಗತಿಯಲ್ಲಿ ಒಂದೇ ನಿಯಮ. ಕಲ್ಲಿನ ಬಗೆಗೆ ಏನೇ ಬರೆಯಲಿ, ಪುಟವನ್ನು ಎರಡು ಪಾಲು ಮಾಡಿ, ಎಡಗಡೆ 'ನೋಡಿದ್ದು', ಬಲಗಡೆ 'ಊಹಿಸಿದ್ದು' ಎಂದು ಬರೆಯಬೇಕು. ಬಲಗಡೆ ಬರೆಯುವುದು ತಪ್ಪಲ್ಲ. ಬಲಗಡೆಯದನ್ನು ಎಡಗಡೆ ಬರೆಯುವುದು ತಪ್ಪು. ಪರೀಕ್ಷೆಯಲ್ಲಿ ಇದಕ್ಕೆ ಅಂಕವಿರಲಿಲ್ಲ. ನೀರಿಗಾಗಿ ಯಾರಾದರೂ ನಕ್ಷೆ ನೋಡಲು ಬಂದರೆ ಮಕ್ಕಳೇ ಮುಂದೆ ಬಂದು, "ಇದು ಕಂಡದ್ದು, ಇದು ಕಾಣದ್ದು, ಕೊರೆಸುವ ಮೊದಲು ಇಲಾಖೆಯವರನ್ನು ಕೇಳಿ," ಎಂದು ಹೇಳುತ್ತಿದ್ದರು.

ಆ ಹುಡುಗಿ ಮುಂದೆ ಭೂವಿಜ್ಞಾನಿಯಾದಳೆಂದು ಬರೆದರೆ ಇದೊಂದು ಒಳ್ಳೆಯ ಕಥೆಯಾಗುತ್ತಿತ್ತು. ಆದರೆ ಇದು ಕಥೆಯಲ್ಲ. ಎತ್ತಿಲ್ಲದ ಮನೆಯಲ್ಲಿ ಹತ್ತನೆಯ ತರಗತಿ ಮುಗಿದದ್ದೇ ಹೆಚ್ಚಾಯಿತು. ಸೋದರಮಾವನ ಮಗನನ್ನು ಮದುವೆಯಾಗಿ ಅದೇ ಊರಿನಲ್ಲಿ ಬೇಸಾಯ ಮಾಡಿಕೊಂಡಿದ್ದಾಳೆ. ಇತ್ತೀಚೆಗೆ ಮಧುಗಿರಿಯ ಬಸ್ ನಿಲ್ದಾಣದಲ್ಲಿ ಸಿಕ್ಕಿದಳು. ಗುರುತು ಹಿಡಿದು, ಕಾಲು ಮುಟ್ಟಿ ನಮಸ್ಕರಿಸಿ, ಮನೆಯ ಕ್ಷೇಮಸಮಾಚಾರವನ್ನೆಲ್ಲ ಹೇಳಿದ ಮೇಲೆ, "ಕರಿಕಲ್ಲಿನ ಮೇಲ್ಗಡೆ ಮೂರು ಇಂಗುಗುಂಡಿ ತೋಡಿದೀವಿ ಸಾರ್. ಮಳೆನೀರು ಗೋಡೆಗೆ ತಡೆದು ಅಲ್ಲೇ ನಿಲ್ಲಲಿ ಅಂತ," ಎಂದಳು.

"ಒಳ್ಳೆಯದಾಯಿತಮ್ಮಾ. ಬಾವಿಗೆ ನೀರು ಬಂತೇ?"

ಅವಳು ತಕ್ಷಣ ಉತ್ತರ ಕೊಡಲಿಲ್ಲ. ಬಸ್ಸು ಬಂದು ನಿಂತಿತು; ಜನ ನುಗ್ಗತೊಡಗಿದರು. ಚೀಲವನ್ನು ಕಂಕುಳಿಗೇರಿಸಿಕೊಂಡು, ಮೆಟ್ಟಿಲ ಮೇಲೆ ಕಾಲಿಟ್ಟು, ತಿರುಗಿ ನಕ್ಕಳು.

"ಸ್ವಲ್ಪ ಏರೈತೆ ಸಾರ್. ಆದ್ರೆ ಈ ಸಲ ಮಳೇನೂ ಚೆನ್ನಾಗಿತ್ತು. ಇನ್ನೆರಡು ಮಳೆಗಾಲ ನೋಡ್ಬೇಕು. ಅಲ್ಲೀವರೆಗೂ ಚುಕ್ಕಿ ಗೆರೆನೇ."